ನಂಬರಿಲ್ಲದ ಚೀಟಿ

ಭಾನುವಾರ, ಮಧ್ಯಾಹ್ನ

ನನ್ನ ಗುಂಡಿಗೆ,

ಅಮ್ಮನ ಆಶೀರ್ವಾದ. ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರೆಯುವುದು ರೂಢಿ. ಬರೆದಿದ್ದೇನೆ ಅಂದುಕೋ.

ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಉತ್ತರ ತಡವಾಯಿತು, ಮನ್ನಿಸು. ಸೋಮಾರಿತನದಿಂದಲ್ಲ, ಅದು ನನ್ನ ಜಾಯಮಾನದಲ್ಲಿಲ್ಲ ಅಂತ ನಿನಗೂ ಗೊತ್ತು. ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಕೆಳಗೆ ಲಾಂಡ್ರಿ ಅಂಗಡಿ, ಮೇಲೆ ಮನೆ, ಗೋಡೆಗಳೋ ತೆಳು. ಅಮ್ಮ ಗುಟ್ಟು ಹೇಳಿದರೂ ಕೋಟು ಒಯ್ಯಲು ಬಂದ ಗಿರಾಕಿಗೆ ಕೇಳಿಸುತ್ತದೆ ಅಂತ ನೀನೇ ಆಡಿಕೊಳ್ಳುತ್ತಿದ್ದೆ. ಅದಕ್ಕೇ ಕಾಗದ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಗರ್ಭಕೋಶದಲ್ಲಿ ಗಡ್ಡೆ ಇದೆಯಂತೆ, ಗಾಬರಿಯಾಗಬೇಡ, ನನ್ನ ಡಾಕ್ಟರು ತಾಯಿಯ ವಿಷಯ ಕೇಳುತ್ತಿದ್ದಾರೆ, ನಿನಗೆ ಗರ್ಭಕೋಶ ತೆಗೆದಾಗ ಅಂಡಾಶಯಗಳನ್ನೂ ತೆಗೆದಿದ್ದರಾ ಇಲ್ಲವಾ, ಅಂತ. ಗಾಬರಿಯಾಗಬೇಡ ಅಂದ ಮಾತ್ರಕ್ಕೆ ತಾಯಿಗೆ ಗಾಬರಿ ಆಗದೆ ಇರುತ್ತದಾ? ಆದರೆ ನನ್ನನ್ನು ಕೂರಿಸಿಬಿಟ್ಟದ್ದು ನಿನ್ನ ಗಡ್ಡೆಯಲ್ಲ, ಆ ಪ್ರಶ್ನೆ. ಈ ಅಂಗಡಿಗೆ ಬಂದ ಪ್ರತಿ ಬಟ್ಟೆಯಲ್ಲೂ ಯಾವ ಗುಂಡಿ ಸಡಿಲ, ಯಾವ ತೋಳಿನಲ್ಲಿ ಕಲೆ ಅಂತ ನಾನು ಹೇಳಬಲ್ಲೆ. ನನ್ನ ಹೊಟ್ಟೆಯಿಂದ ಏನೇನು ತೆಗೆದರು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಮಗಳಿಗೆ ಬರೆಯಲು ಕೈ ಬರಲಿಲ್ಲ.

ಮೊದಲು ನಿನ್ನ ಅತ್ತಿಗೆಯ ವಿಷಯ ಬರೆಯುತ್ತೇನೆ. ಎರಡೂ ಒಂದೇ ಕಡೆಗೆ ಹೋಗುತ್ತವೆ.

ಅವಳಿಗೆ ಆಪರೇಷನ್ ಆದದ್ದು ನಿನಗೆ ಗೊತ್ತು. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯ ಹೋದವು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಬಂದು ಮಂಚದ ಪಕ್ಕ ಕೂತು, "ಇವರಿಗೆ ಇನ್ನೂ ನಲವತ್ತಾಗಿಲ್ಲ. ಮೈಯಲ್ಲಿ ತಾನಾಗಿ ಹುಟ್ಟುತ್ತಿದ್ದ ಹಾರ್ಮೋನ್ ಒಂದೇ ದಿನಕ್ಕೆ ನಿಂತುಹೋಗಿದೆ. ಅದನ್ನ ಹೊರಗಿನಿಂದ ಕೊಡಬೇಕು" ಅಂದರು.

"ಅದೆಲ್ಲ ಏನೂ ಬೇಡ" ಅಂದೆ. "ನನಗೂ ನಲವತ್ತಕ್ಕೇ ತೆಗೆದಿದ್ದಾರೆ. ಒಂದು ಮಾತ್ರೆ ನುಂಗಲಿಲ್ಲ. ಸತ್ತುಹೋಗಿದ್ದೀನಾ?"

"ಅದು ಅವರ ನಿರ್ಧಾರ ಅಮ್ಮ."

"ಅವಳ ನಿರ್ಧಾರವನ್ನೇ ನಾನು ಹೇಳ್ತಿರೋದು."

ನಿನ್ನ ಅಣ್ಣ ಬ್ಯಾಗಿನ ಜಿಪ್ಪು ಎಳೆಯುತ್ತ ಕೂತ. ನಿಮ್ಮಪ್ಪ ಬಾಗಿಲ ಬಳಿ ನಿಂತು ನೆಲ ನೋಡುತ್ತಿದ್ದರು. ನೆಲದಲ್ಲಿ ಅಂಥದ್ದೇನಿತ್ತೋ, ಬಹಳ ಹೊತ್ತು ನೋಡಿದರು. ನಿನ್ನ ಅತ್ತಿಗೆ ಒಂದು ಮಾತೂ ಆಡಲಿಲ್ಲ. ಒಪ್ಪಿದಳು ಅಂದುಕೊಂಡೆ.

ರಜೆ ಮುಗಿಸಿ ಅವಳು ಮತ್ತೆ ಅಂಗಡಿಯ ಇಸ್ತ್ರಿ ಪ್ರೆಸ್ಸಿಗೆ ಬಂದಳು. ಅವಳ ಕೈ ಎಂಥದ್ದು ನಿನಗೆ ಗೊತ್ತಲ್ಲ. ಕೋಟಿನ ಭುಜವನ್ನು ಅವಳ ಹಾಗೆ ಕೂರಿಸುವವರನ್ನು ನಾನು ನೋಡಿಲ್ಲ. ಇದನ್ನು ಅವಳಿಗೆ ಎಂದೂ ಹೇಳಿಲ್ಲ, ನೀನೂ ಹೇಳಬೇಡ, ತಲೆಗೇರುತ್ತದೆ.

ಆಮೇಲೆ ಶುರುವಾಯಿತು ನೋಡು. ಒಂದು ಸಂಜೆ ಪ್ರೆಸ್ಸಿನ ಮೇಜಿನ ಅಂಚಿಗೆ ಒಂದು ಚೀಟಿ ಅಂಟಿಕೊಂಡಿತ್ತು. ನಾವು ಕಾಲರಿನ ಒಳಗೆ ಅಂಟಿಸುತ್ತೇವಲ್ಲ, ನಂಬರು ಬರೆದ ಪಾರದರ್ಶಕ ಸ್ಟಿಕ್ಕರು, ಅಂಥದ್ದೇ. ಸ್ವಲ್ಪ ದೊಡ್ಡದು, ಅಂಚು ಸುರುಟಿತ್ತು. ಬೆಳಕಿಗೆ ಹಿಡಿದು ನೋಡಿದೆ. ನಂಬರಿಲ್ಲ! ನಂಬರಿಲ್ಲದ ಚೀಟಿ ಸಿಕ್ಕಿತು ಅಂದರೆ ಎಲ್ಲೋ ನಂಬರಿಲ್ಲದ ಬಟ್ಟೆ ಒಂದು ಇದೆ ಅಂತ. ಯಾರದೋ ಸೂಟು ಇನ್ಯಾರದೋ ಮನೆಗೆ ಹೋದರೆ ಲಾಂಡ್ರಿಯ ಮರ್ಯಾದೆ ಅಲ್ಲಿಗೆ ಮುಗಿಯಿತು.

ಷಟರ್ ಎಳೆಸಿದೆ. ಹ್ಯಾಂಗರಿನಲ್ಲಿದ್ದ ಅಷ್ಟೂ ಬಟ್ಟೆ ಇಳಿಸಿ ಕಾಲರು ತಿರುಗಿಸಿ ನೋಡಿದೆವು. ಎಲ್ಲದಕ್ಕೂ ನಂಬರಿತ್ತು. ಕಲೆ ತೆಗೆಯುವವಳು, ಅವಳ ಬಾಯಿ ನಿನಗೆ ಗೊತ್ತಲ್ಲ, "ಅಮ್ಮಾವ್ರೇ, ಬಟ್ಟೆಗಳೆಲ್ಲ ಸರಿಯಾಗಿವೆ. ನಮಗೇ ಒಂದೊಂದು ನಂಬರು ಅಂಟಿಸಿಬಿಡಿ, ಯಾರೂ ಕಳೆದುಹೋಗಲ್ಲ" ಅಂದಳು. ಎಲ್ಲರೂ ನಕ್ಕರು. ನಿನ್ನ ಅತ್ತಿಗೆ ನಗಲಿಲ್ಲ. ಮುಖ ಕೆಂಪಗಾಗಿ, ಕತ್ತಿನಿಂದ ಬೆವರು ಇಳಿಯುತ್ತಿತ್ತು. ಪ್ರೆಸ್ಸಿನ ಮುಂದೆ ಯಾರು ಬೆವರುವುದಿಲ್ಲ? ನಾನು ಅದಕ್ಕೆ ಬೆಲೆ ಕೊಡಲಿಲ್ಲ.

ಮುಂದಿನ ವಾರ ಇನ್ನೊಂದು ಸಿಕ್ಕಿತು. ಆಮೇಲೆ ಮತ್ತೊಂದು. ಪ್ರತಿ ಸಲವೂ ಷಟರು, ಪ್ರತಿ ಸಲವೂ ಹುಡುಕಾಟ. ಉಗುರಿನಿಂದ ಕೆರೆದು ಕಸದ ಡಬ್ಬಿಗೆ ಹಾಕುವುದು, ಅವಳಿಗೆ ಬೈಯುವುದು. "ಕಣ್ಣು ಎಲ್ಲಿಟ್ಕೊಂಡು ಕೆಲಸ ಮಾಡ್ತೀಯ?" ಅಂದರೆ, "ಇನ್ಮೇಲೆ ನೋಡ್ತೀನಿ ಅತ್ತೆ" ಅನ್ನುತ್ತಿದ್ದಳು. ದಿನದಿಂದ ದಿನಕ್ಕೆ ಕಣ್ಣ ಸುತ್ತ ಕಪ್ಪಾಯಿತು. ನಿನ್ನ ಅಣ್ಣ ಊಟದ ಹೊತ್ತಿಗೆ, "ಅಮ್ಮ, ಅವಳಿಗೆ ನಿದ್ದೆ ಬರ್ತಿಲ್ಲ, ಸ್ವಲ್ಪ ಬಿಡು" ಅಂದ. "ನಿದ್ದೆ ಬರದೆ ಇರೋದಕ್ಕೆ ನಾನೇನು ಜೋಗುಳ ಹಾಡ್ಲಾ?" ಅಂದೆ.

ಹೋದ ತಿಂಗಳ ಕೊನೆಗೆ ಆ ವಕೀಲರ ಕೋಟು ಬಂತು. ಮೂಲೆಯ ಮನೆಯವರು, ದಪ್ಪ ಕನ್ನಡಕ, ನಿನ್ನನ್ನು ಇವತ್ತಿಗೂ ವಿಚಾರಿಸುತ್ತಾರೆ. ಉಣ್ಣೆಯ ಕರಿ ಕೋಟು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಇಟ್ಟ ನಿನ್ನ ಅತ್ತಿಗೆ ಅಲ್ಲೇ ನಿಂತುಬಿಟ್ಟಳು. ದೂರದಲ್ಲಿ ಯಾರೋ ಕೂಗಿದ್ದನ್ನು ಕೇಳಿಸಿಕೊಳ್ಳುವವರ ಹಾಗೆ. ಕೈ ಇಸ್ತ್ರಿಯ ಮೇಲೆ, ಕಣ್ಣು ಎಲ್ಲೋ. ನನಗೆ ಮೊದಲು ತಿಳಿದದ್ದು ವಾಸನೆಯಿಂದ. ಓಡಿ ಹೋಗಿ ಎತ್ತುವಷ್ಟರಲ್ಲಿ ಬೆನ್ನ ನಡುವೆ ಇಸ್ತ್ರಿಯ ಆಕಾರದ ಗುರುತು. ಅಂಗಡಿ ತೆರೆದಂದಿನಿಂದ ನಮ್ಮಲ್ಲಿ ಒಂದು ಬಟ್ಟೆಯೂ ಸುಟ್ಟಿರಲಿಲ್ಲ ಗುಂಡಿ. ಬೋರ್ಡಿನ ಮೇಲೆ ಬರೆಸಿಲ್ಲ ಅಷ್ಟೇ, ಊರಿಗೆಲ್ಲ ಗೊತ್ತಿರುವ ಮಾತು.

ಗಿರಾಕಿಗಳಿದ್ದರು. ನಾನು ನೋಡಲಿಲ್ಲ. ಏನೇನು ಅಂದೆನೋ. ಅಷ್ಟರಲ್ಲಿ ಮೇಜಿನ ಅಂಚಿನಲ್ಲಿ ಇನ್ನೊಂದು ಚೀಟಿ ಕಂಡಿತು. ಕಿತ್ತು ಅವಳ ಮುಖದ ಮುಂದೆ ಹಿಡಿದೆ. "ಹೇಳು, ಇದರ ಬಟ್ಟೆ ಎಲ್ಲಿ?"

ಅವಳು ಅದನ್ನು ನನ್ನ ಬೆರಳಿನಿಂದ ಮೆಲ್ಲಗೆ ತೆಗೆದುಕೊಂಡಳು.

"ಇದು ಬಟ್ಟೆಯದಲ್ಲ ಅತ್ತೆ. ನನ್ನ ಮೈಯದು."

ಅದು ಹಾರ್ಮೋನಿನ ಪ್ಯಾಚ್. ಹೊಟ್ಟೆಯ ಕೆಳಭಾಗಕ್ಕೆ ಅಂಟಿಸಿಕೊಳ್ಳಬೇಕಂತೆ, ವಾರಕ್ಕೆರಡು ಸಲ ಬದಲಿಸಬೇಕಂತೆ. ಔಷಧಿ ಚರ್ಮದೊಳಗೆ ನಿಧಾನವಾಗಿ ಇಳಿಯುತ್ತದಂತೆ. ಪ್ರೆಸ್ಸಿನ ಹಬೆಗೆ, ಬೆವರಿಗೆ, ಮೇಜಿಗೆ ಹೊಟ್ಟೆ ಒತ್ತಿ ನಿಲ್ಲುವುದಕ್ಕೆ ಅದು ಕಿತ್ತು, ಸೀರೆಯ ಸಂದಿನಿಂದ ಜಾರಿ ಮೇಜಿಗೆ ಅಂಟುತ್ತಿತ್ತು. ಬಿದ್ದದ್ದು ಅವಳಿಗೆ ಗೊತ್ತಾಗುತ್ತಿದ್ದುದು ನಾನು ಷಟರ್ ಎಳೆಸಿದಾಗಲೇ. ಅದು ನನ್ನದು ಅನ್ನಲು ಬಾಯಿಲ್ಲ. ಮನೆಯಲ್ಲಿ ಇನ್ನೊಂದಿದ್ದರೆ ಉಂಟು, ಇಲ್ಲದಿದ್ದರೆ ಹೊಸ ಪೊಟ್ಟಣ ಬರುವವರೆಗೆ ಹಾಗೇ. ಅಷ್ಟು ದಿನ ನಾನು ನನ್ನ ಉಗುರಿನಿಂದ ಕೆರೆದು ಕಸಕ್ಕೆ ಹಾಕಿದ್ದು ಅವಳ ನಿದ್ದೆಯನ್ನು.

ಇದು ಈಗ ಬರೆಯುವಾಗಿನ ಬುದ್ಧಿ. ಆವತ್ತು ಸಂಜೆ ಅಡುಗೆಮನೆಯಲ್ಲಿ ನಾನು ಸುಮ್ಮನಿರಲಿಲ್ಲ.

"ಬೇಡ ಅಂದ ಮೇಲೂ ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲ. ಯಾರು ತಂದುಕೊಟ್ಟದ್ದು? ನೀನಾ?" ಅಂತ ನಿನ್ನ ಅಣ್ಣನನ್ನು ಕೇಳಿದೆ.

"ನಾನು" ಅಂತ ಮಾತು ಬಂದದ್ದು ಹಿಂದಿನಿಂದ. ನಿಮ್ಮಪ್ಪ. ನೀರಿನ ಲೋಟ ಹಿಡಿದು ನಿಂತಿದ್ದರು.

"ನಿಮಗ್ಯಾಕ್ರೀ ಈ ಉಸಾಬರಿ? ಹೆಂಗಸರ ವಿಷಯ!"

"ಒಂದು ಸಲ ತರದೇ ಇದ್ದೆ. ಸಾಕು ಅನ್ನಿಸ್ತು."

ಅವರ ಮಾತು ಯಾವಾಗಲೂ ಅರ್ಧ. ಉಳಿದರ್ಧ ಕೇಳುವ ತಾಳ್ಮೆ ನನಗೆ ಇರಲಿಲ್ಲ. ನಾನು ಸೊಸೆಯ ಕಡೆ ತಿರುಗಿ, "ನಾನು ಸಹಿಸಲಿಲ್ವಾ? ನಿನಗೇನು ಬಂದಿರೋದು?" ಅಂದೆ.

ಈ ಮನೆಗೆ ಬಂದಂದಿನಿಂದ ನನ್ನೆದುರು ದನಿ ಎತ್ತದವಳು ಅವಳು. ಆವತ್ತೂ ಎತ್ತಲಿಲ್ಲ. ಕೈ ಒರೆಸಿಕೊಂಡು ಹೇಳಿದಳು: "ನೀವು ಸಹಿಸಿದ್ದನ್ನ ನಾನು ನೋಡಿಲ್ಲ ಅತ್ತೆ. ನಿಮ್ಮನ್ನ ಈ ಮನೆಯವರೆಲ್ಲ ಸಹಿಸಿದ್ದನ್ನ ನೋಡಿದ್ದೀನಿ. ನನ್ನ ಮಗಳು ನನ್ನನ್ನ ಹಾಗೆ ಸಹಿಸಬಾರದು. ಅಂಗಡಿ ಬಿಡು ಅಂದ್ರೆ ನಾಳೆನೇ ಬಿಡ್ತೀನಿ. ಇದನ್ನ ಬಿಡಲ್ಲ."

ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ. ನನ್ನ ಮಗನೂ. ಅವನ ಮುಖ ನೋಡಿದೆ, ಅವಳ ಮಾತು ಅವನಿಗೆ ಹೊಸದೇನಲ್ಲ ಅಂತ ತಿಳಿಯಿತು. ಆಗ ನೀನೂ ನೆನಪಾದೆ. ಹಾಸ್ಟೆಲಿಗೆ ಹೊರಟ ದಿನ ಟ್ರಂಕಿನ ಮೇಲೆ ಕೂತು, "ಅಪ್ಪ ದೇವರಂಥವರು, ಅದಕ್ಕೇ ನಿನ್ನ ಜೊತೆ ಬಾಳ್ತಿದ್ದಾರೆ" ಅಂದಿದ್ದೆಯಲ್ಲ. ಇವತ್ತಿಗೂ ಫೋನಿನಲ್ಲಿ ಅವರ ಹತ್ತಿರ, "ಅಮ್ಮ ಇವತ್ತು ಹೇಗಿದ್ದಾಳೆ?" ಅಂತ ಬಿಸಿಲೋ ಮೋಡವೋ ಅಂತ ಕೇಳುವ ಹಾಗೆ ಕೇಳುತ್ತೀಯ. ನನಗೆ ಕೇಳಿಸುತ್ತದೆ. ಗೋಡೆ ತೆಳು ಅಂದೆನಲ್ಲ.

ನಾನು ಸೋಲುವವಳಲ್ಲ. ಡಾಕ್ಟರ ಬಾಯಿಂದಲೇ ಬೇಡ ಅನ್ನಿಸುತ್ತೇನೆ ಅಂತ ಮೊನ್ನೆ ಅವಳನ್ನು ಕರೆದುಕೊಂಡು ಹೋದೆ. ಡಾಕ್ಟರಮ್ಮನಿಗೆ ನೇರವಾಗಿ ಕೇಳಿದೆ, ಇದರಿಂದ ಕ್ಯಾನ್ಸರ್ ಬರುತ್ತದಂತಲ್ಲ ಅಂತ.

ಅವರು ಮುಖ ಸಿಂಡರಿಸಲಿಲ್ಲ. "ಕೇಳಬೇಕಾದ ಪ್ರಶ್ನೆನೇ" ಅಂದರು. "ಗರ್ಭಕೋಶ ಇಲ್ಲದವರಿಗೆ ಕೊಡೋದು ಒಂದೇ ಹಾರ್ಮೋನು. ಇವರ ವಯಸ್ಸಿನಲ್ಲಿ ಮೈಯಲ್ಲಿ ಇರಬೇಕಾಗಿದ್ದನ್ನೇ ತುಂಬಿಕೊಡ್ತಿದ್ದೀವಿ, ಹೆಚ್ಚಿಗೆ ಏನೂ ಕೊಡ್ತಿಲ್ಲ. ಕೊಡದೇ ಇದ್ರೇನೇ ಇವರ ಎಲುಬಿಗೆ, ಹೃದಯಕ್ಕೆ ಅಪಾಯ ಜಾಸ್ತಿ. ಐವತ್ತರ ಹತ್ತಿರದವರೆಗೆ ಕೊಡ್ತೀವಿ, ವರ್ಷವರ್ಷ ಪರೀಕ್ಷೆ ಮಾಡ್ತೀವಿ." ಆಮೇಲೆ ಅವಳ ಕಡೆ ತಿರುಗಿ, "ಹಬೆ ಪ್ರೆಸ್ಸಿನ ಮುಂದೆ ನಿಲ್ತೀರಾ? ಮೊದಲೇ ಹೇಳಬಾರದಾ? ಪ್ಯಾಚಿನ ಮೇಲೆ ಅಷ್ಟು ಬಿಸಿ ತಾಗಬಾರದು" ಅಂದರು.

ನಾನು ಎದ್ದು ಬರಬೇಕಿತ್ತು. ಏಳಲಿಲ್ಲ. "ಹಾರ್ಮೋನ್ ನಿಂತರೆ ಏನಾಗುತ್ತೆ?" ಅಂತ ಕೇಳಿದೆ.

ಅವರು ಹೇಳಿದ ಒಂದೊಂದು ಮಾತೂ ನನ್ನದೇ. ಎದೆಯಿಂದ ಬೆಂಕಿ ಎದ್ದು ಕತ್ತಿಗೇರುವುದು. ಹಾಸಿಗೆ ಒದ್ದೆಯಾಗುವುದು. ಸಣ್ಣ ಮಾತಿಗೆ ನೆತ್ತಿಗೇರುವ ಸಿಟ್ಟು, ಆಮೇಲೆ ಬಚ್ಚಲಿಗೆ ಹೋಗಿ ಅಳುವುದು. ಯಾರಾದರೂ ಮುಟ್ಟಿದರೆ ಮೈ ಮುದುಡಿಕೊಳ್ಳುವುದು. ನಾನು ಅದನ್ನೆಲ್ಲ ಪ್ರೆಸ್ಸಿನ ಕಾವು ಅಂದುಕೊಂಡೆ. ಹಗಲೆಲ್ಲ ಇಸ್ತ್ರಿಯ ಮುಂದೆ ನಿಂತವಳಿಗೆ ರಾತ್ರಿಯೂ ಮೈ ಉರಿಯುತ್ತದೆ, ಅಷ್ಟೇ ಅಂತ. ಸಿಟ್ಟು ನನ್ನ ಗುಣ ಅಂದುಕೊಂಡೆ. ಬೀದಿಯವರು ನನಗೆ ಕೆಂಡದಮ್ಮ ಅಂತ ಹೆಸರಿಟ್ಟಾಗ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು.

"ನಿಮಗೆ ಅಂಡಾಶಯ ತೆಗೆದಿದ್ದರಾ?" ಅಂತ ಅವರೂ ಕೇಳಿದರು. ನಿನ್ನ ಪ್ರಶ್ನೆಯೇ. ಗೊತ್ತಿಲ್ಲ ಅಂದೆ. ಸೊಸೆಯ ಮುಂದೆ ಅಂದೆ. ಸ್ಕ್ಯಾನ್ ಮಾಡಿದರು. "ಕಾಣ್ತಿಲ್ಲ. ಈ ವಯಸ್ಸಿಗೆ ಸುರುಟಿಕೊಂಡಿರಬಹುದು, ಆವಾಗಲೇ ತೆಗೆದಿರಲೂಬಹುದು. ಆಪರೇಷನ್ ಹೊತ್ತಿಗೆ ನಿಮ್ಮ ಜೊತೆ ಯಾರಿದ್ರು?" ಅಂದರು. ಗಂಡ, ಅಂದೆ. "ಅವರನ್ನ ಕೇಳಿ ನೋಡಿ."

ನರ್ಸು ನನ್ನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದಳು. ನೆನಪಿದೆಯಾ, ಎರಡು ವರ್ಷದ ಹಿಂದೆ ಪ್ರೆಸ್ಸಿನ ಮೇಜು ಎತ್ತರ ಮಾಡಿಬಿಟ್ಟಿದ್ದಾನೆ ಅಂತ ಬಡಗಿಯನ್ನು ಕರೆಸಿ ಬೈದು, ಕಾಲು ಕೊಯ್ಯಿಸಿದ್ದೆ. ಪಾಪ, ಅವನು ಅಳತೆ ಹಿಡಿದು ತೋರಿಸಿದ್ದ, "ಅಮ್ಮಾ, ಮೇಜು ಇದ್ದಷ್ಟೇ ಇದೆ" ಅಂತ. ನಾನು ನಂಬಲಿಲ್ಲ. ಕುಗ್ಗಿದ್ದು ನಾನು. ಬೆನ್ನೆಲುಬು ಸವೆದಿದೆಯಂತೆ.

"ನನಗೂ ಆ ಪ್ಯಾಚ್ ಕೊಡಿ" ಅಂದೆ. ಕೇಳುವುದು ನನಗೆ ಎಷ್ಟು ಕಷ್ಟ ಅಂತ ನಿನಗೆ ಗೊತ್ತು. ಡಾಕ್ಟರಮ್ಮ ಕೈ ಹಿಡಿದುಕೊಂಡರು. "ನಿಮಗೆ ಈಗ ಹೊಸದಾಗಿ ಶುರು ಮಾಡೋದು ಒಳ್ಳೇದಲ್ಲಮ್ಮ. ಆ ಕಾಲ ದಾಟಿದೆ. ಎಲುಬಿಗೆ ಬೇರೆ ಔಷಧಿ ಕೊಡ್ತೀನಿ" ಅಂದರು.

ಹೊರಗೆ ಬೆಂಚಿನ ಮೇಲೆ ಕೂತಾಗ ನಿನ್ನ ಅತ್ತಿಗೆ ನೀರು ತಂದುಕೊಟ್ಟಳು. ನಾನು ಕುಡಿದೆ. "ನಾಳೆಯಿಂದ ನೀನು ಕೌಂಟರಿಗೆ. ಪ್ರೆಸ್ಸಿನ ಹತ್ತಿರ ಸುಳಿದರೆ ನೋಡು" ಅಂದೆ. "ಸರಿ ಅತ್ತೆ" ಅಂದಳು. "ಆ ಪ್ಯಾಚಿನ ಮೇಲೆ ಬೇಕಿದ್ದರೆ ನಂಬರು ಬರೆದುಕೋ, ಬಿದ್ದರೆ ಹುಡುಕೋಕೆ ಸುಲಭ" ಅಂದೆ. ಅವಳು ನಕ್ಕಳು. ನಗುತ್ತ ನಗುತ್ತ ಅತ್ತಳು. ನಾನು ಬೇರೆ ಕಡೆ ನೋಡಿದೆ. ಅದಕ್ಕಿಂತ ಹೆಚ್ಚಿಗೆ ನನಗೆ ಬರುವುದಿಲ್ಲ. ವಕೀಲರ ಮನೆಗೆ ನಾನೇ ಹೋಗಿ ಸುಟ್ಟ ಕೋಟಿನ ವಿಷಯಕ್ಕೆ ಕ್ಷಮೆ ಕೇಳಿ ಬಂದೆ, ಅವಳನ್ನು ಕಳಿಸಲಿಲ್ಲ.

ಪ್ರೆಸ್ಸಿಗೆ ಸದ್ಯಕ್ಕೆ ನಾನೇ ನಿಲ್ಲುತ್ತಿದ್ದೇನೆ. ನಿಮ್ಮಪ್ಪನನ್ನು ಇನ್ನೂ ಕೇಳಿಲ್ಲ. ಎರಡು ದಿನದಿಂದ ಅವರ "ಒಂದು ಸಲ ತರದೇ ಇದ್ದೆ" ಅನ್ನುವ ಮಾತನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಕೇಳಿದರೆ ಉತ್ತರ ಸಿಗುತ್ತದಲ್ಲ, ಅದಕ್ಕೇ ಕೇಳಿಲ್ಲ. ಆದರೆ ನಿನ್ನ ಡಾಕ್ಟರು ಕಾಯುತ್ತಿದ್ದಾರೆ. ಇವತ್ತು ಸಂಜೆ ಕೇಳುತ್ತೇನೆ, ನಾಳೆ ಇದನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ.

ನೀನು ಚೆನ್ನಾಗಿ ಊಟ ಮಾಡು. ಶಾಲೆಯ ಮಕ್ಕಳ ಹಿಂದೆ ಓಡಿ ಮೈ ಇಳಿಸಿಕೊಳ್ಳಬೇಡ. ಹೊಟ್ಟೆನೋವು ಬಂದರೆ ಬಂತು ಅಂತ ಹೇಳು, ನನ್ನ ಹಾಗೆ ಹಲ್ಲು ಕಚ್ಚಬೇಡ. ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ ಅಂತ ಈಗ ಗೊತ್ತಾಗುತ್ತಿದೆ. ನಿನ್ನ ಮೈ ನಿನ್ನ ಮಾತು ಕೇಳಲಿ, ನೀನೂ ಅದರ ಮಾತು ಕೇಳು. ನೂರು ಕಾಲ ಸುಖವಾಗಿರು.

ನಿನ್ನ ಅಮ್ಮ

ಸೋಮವಾರ, ಬೆಳಿಗ್ಗೆ

ಇದನ್ನು ಆಮೇಲೆ ಸೇರಿಸುತ್ತಿದ್ದೇನೆ.

ನಿನ್ನ ಡಾಕ್ಟರಿಗೆ ಹೇಳು: ಎರಡೂ ತೆಗೆದಿದ್ದಾರೆ. ಕ್ಯಾನ್ಸರ್ ಇರಲಿಲ್ಲ, ರಕ್ತಸ್ರಾವಕ್ಕೆ ತೆಗೆದದ್ದು.

ನಿನ್ನೆ ಸಂಜೆ ನಿಮ್ಮಪ್ಪ ಹಿಂದಿನ ಕೋಣೆಯಲ್ಲಿ ಹ್ಯಾಂಗರು ಜೋಡಿಸುತ್ತಿದ್ದರು. "ಆವತ್ತು ಡಾಕ್ಟರು ನಿಮಗೆ ಏನು ಹೇಳಿದ್ದರು?" ಅಂತ ಕೇಳಿದೆ. ಯಾವತ್ತು ಅಂತ ಅವರು ಕೇಳಲಿಲ್ಲ. ಅಲ್ಲಿಗೇ ನನಗೆ ತಿಳಿಯಿತು.

ಡಾಕ್ಟರು ಅವರನ್ನು ಹೊರಗೆ ಕರೆದು ಎಲ್ಲ ಹೇಳಿದ್ದರಂತೆ. ಎರಡೂ ತೆಗೆದಿದ್ದೇವೆ, ಮೈ ಕಾವೇರುತ್ತದೆ, ಸಿಟ್ಟು ಬರುತ್ತದೆ, ಎಲುಬು ಸವೆಯುತ್ತದೆ, ಈ ಮಾತ್ರೆ ಕೊಡಿ ಅಂತ. "ಹೆಣ್ತನವೇ ಹೋಯ್ತು ಅಂತ ನೀನು ಕುಸಿದುಬಿಡ್ತೀಯ ಅಂದುಕೊಂಡೆ. ನಾಳೆ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ನಿನಗೆ ಸಿಟ್ಟು ಶುರುವಾಯ್ತು, ಹೇಳೋಕೆ ಹೆದರಿಕೆ ಆಯ್ತು. ಆಮೇಲೆ ತಡ ಆಯ್ತು ಅನ್ನಿಸ್ತು. ಆಮೇಲೆ ಅಭ್ಯಾಸ ಆಗಿಹೋಯ್ತು" ಅಂದರು.

ನಾನು ಕೂಗಲಿಲ್ಲ ಗುಂಡಿ. ಬೀದಿಯೆಲ್ಲ ನನ್ನನ್ನು ಕೆಂಡ ಅಂದಿತು, ಅವರನ್ನು ದೇವರಂಥವರು ಅಂದಿತು. ನೀನೂ ಅಂದೆ. ನೀನು ಟ್ರಂಕಿನ ಮೇಲೆ ಕೂತು ಹಾಗಂದಾಗ ಅವರು ಬಾಗಿಲ ಬಳಿಯೇ ಇದ್ದರು. ಆಗಲೂ ನೆಲ ನೋಡುತ್ತಿದ್ದರು.

ನಿನಗೆ ಆಪರೇಷನ್ ಆಗಬೇಕಾದರೆ ಏನು ತೆಗೆಯುತ್ತೀರಿ, ಏನು ಉಳಿಸುತ್ತೀರಿ ಅಂತ ನೀನೇ ಕೇಳು. ಹೊರಗೆ ಕರೆದು ಯಾರಿಗೂ ಹೇಳಬೇಡಿ, ನನಗೇ ಹೇಳಿ ಅನ್ನು. ನಾನು ಬರಲಾ ಅಂತ ಕೇಳುವುದಿಲ್ಲ, ಬರುತ್ತೇನೆ.

ಇವತ್ತು ಬೆಳಿಗ್ಗೆ ಅಂಗಡಿಗೆ ಇಳಿದಾಗ ನಿಮ್ಮಪ್ಪ ಪ್ರೆಸ್ಸಿನ ಮುಂದೆ ನಿಂತಿದ್ದರು. ನಾನು ಹೇಳಿರಲಿಲ್ಲ. ಮದುವೆಯಾದಂದಿನಿಂದ ಅವರ ಅಂಗಿಗೆ ನಾನೇ ಇಸ್ತ್ರಿ ಮಾಡಿದ್ದು, ಬೇರೆಯವರ ಕೈಗೆ ಕೊಟ್ಟದ್ದೇ ಇಲ್ಲ. ಇವತ್ತು ಅವರೇ ಮಾಡಿಕೊಂಡು ಹಾಕಿಕೊಂಡರು. ಕಾಲರಿನಲ್ಲಿ ದೊಡ್ಡ ಸುಕ್ಕು ಉಳಿದಿದೆ. ನನ್ನೆದುರೇ ಓಡಾಡುತ್ತಿದ್ದಾರೆ. ನೋಡಿದೆ. ಕೈ ಹಾಕಲಿಲ್ಲ.